ರಿಪ್‌ಕೆ1 ಜೊತೆ ನನ್ನ ಕೆಲಸ: ತಡೆಯುವುದು ಬೇರೆ, ತೆಗೆಯುವುದು ಬೇರೆ

ಟಿಎನ್‌ಎಫ್ (ಉರಿಯೂತದ ಸಂಕೇತ ಹೊತ್ತು ತರುವ ಪ್ರೋಟೀನ್) ಹಾಕಿದ ಕೂಡಲೇ ಜೀವಕೋಶ ಸಾಯುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಪಾಠದ ಚಿತ್ರಗಳಲ್ಲಿ ಹಾಗೇ ಕಾಣುತ್ತದೆ. ಮೇಲೆ ಟಿಎನ್‌ಎಫ್, ಕೆಳಗೆ ಸಾವು, ನಡುವೆ ಒಂದು ಬಾಣ. ಪ್ಲೇಟಿಗೆ ಹಾಕಿ ನೋಡಿದರೆ ಕಥೆಯೇ ಬೇರೆ. ಮನುಷ್ಯನ ಹೆಚ್ಚಿನ ಜೀವಕೋಶಗಳು ಮಾರನೆಯ ದಿನವೂ ಆರಾಮಾಗಿ ತಳಕ್ಕೆ ಅಂಟಿಕೊಂಡಿರುತ್ತವೆ. ಟಿಎನ್‌ಎಫ್ ಬಂದಾಗ ಅವು ಮೊದಲು ಮಾಡುವ ಕೆಲಸ ಉರಿಯೂತದ ವಂಶವಾಹಿಗಳನ್ನು ಚಾಲೂ ಮಾಡಿ ಸುತ್ತಲಿನ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುವುದು. ಆ ದಾರಿಯಲ್ಲಿ ಏನಾದರೂ ಅಡ್ಡ ಬಂದರೆ ಮಾತ್ರ ಸಾವಿನ ಕಡೆ ತಿರುಗುತ್ತವೆ. ಈ ಕವಲಿನಲ್ಲಿ ಕೂತಿರುವ ಕಿಣ್ವವೇ ರಿಪ್‌ಕೆ1.

ನನ್ನ ಕೆಲಸ ಜೀವಕೋಶ ಬೆಳೆಸುವುದು, ಅವು ಹೇಗೆ ಸಾಯುತ್ತವೆ ಅಂತ ನೋಡುವುದು. ರಿಪ್‌ಕೆ1 ಅಸ್ಸೇಯನ್ನು, ಅಂದರೆ ಅದರ ಕೆಲಸ ಅಳೆಯುವ ಪ್ರಯೋಗವನ್ನು, ಲ್ಯಾಬಿನಲ್ಲಿ ನಿಲ್ಲಿಸುವ ಹೊಣೆ ನನ್ನ ಪಾಲಿಗೆ ಬಂತು. ಪ್ರೋಟೋಕಾಲ್ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಇಲ್ಲಿ ನಕಲು ಹೊಡೆಯುವುದಿಲ್ಲ. ಯಾವ ಹಂತ ಯಾಕೆ ಬೇಕು, ಯಾವ ಫಲಿತಾಂಶವನ್ನು ನಾನು ನಂಬುತ್ತೇನೆ, ಯಾವುದನ್ನು ಸುಮ್ನೆ ನೋಡಿ ಪಕ್ಕಕ್ಕಿಡುತ್ತೇನೆ ಅನ್ನುವುದನ್ನು ಬರೆಯುತ್ತೇನೆ.

ಮೊದಲು ಕಿಣ್ವದ ಬಗ್ಗೆ ಸ್ವಲ್ಪ. 1995ರಲ್ಲಿ ಫಾಸ್ ಅನ್ನುವ ಗ್ರಾಹಕಕ್ಕೆ (ಪೊರೆಯಲ್ಲಿ ಕೂತು ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್) ಅಂಟಿಕೊಳ್ಳುವ ಪ್ರೋಟೀನ್ ಯಾವುದು ಅಂತ ಯೀಸ್ಟ್ ಬಳಸಿ ಹುಡುಕುವಾಗ ಸಿಕ್ಕಿದ್ದು ಇದು. ಮನುಷ್ಯನಲ್ಲಿ 671 ಅಮೈನೊ ಆಮ್ಲಗಳ ಉದ್ದ, ತೂಕ ಸುಮಾರು 76 ಕಿಲೋಡಾಲ್ಟನ್. ಮುಂದಿನ ತುದಿಯಲ್ಲಿ ಕೈನೇಸ್ ಭಾಗ, ಅಂದರೆ ಫಾಸ್ಫೇಟ್ ಕೂರಿಸುವ ಭಾಗ. ಹಿಂದಿನ ತುದಿಯಲ್ಲಿ ಡೆತ್ ಡೊಮೇನ್, ಗ್ರಾಹಕದ ಕಡೆಯವರ ಜೊತೆ ಕೈಹಿಡಿಯುವುದು ಇದರಿಂದ. ನಡುವಿನ ಭಾಗದಲ್ಲಿ ರಿಮ್ ಅನ್ನುವ ಚಿಕ್ಕ ತುಂಡಿದೆ, ಇದೇ ಕುಟುಂಬದ ಇನ್ನೊಂದು ಕಿಣ್ವ ರಿಪ್‌ಕೆ3 ಬಂದು ಕೂರುವುದು ಅಲ್ಲಿ. ಅದೇ ನಡುವಿನ ಭಾಗದಲ್ಲಿ 377ನೇ ಲೈಸಿನ್ ಇದೆ. ಅದರ ಮೇಲೆ ಯುಬಿಕ್ವಿಟಿನ್ ಅನ್ನುವ ಚಿಕ್ಕ ಪ್ರೋಟೀನಿನ ಸರಪಳಿ ಬೆಳೆಯುತ್ತದೆ.

ಇಷ್ಟು ಭಾಗಗಳಿಂದ ಇದು ಎರಡು ಕೆಲಸ ಮಾಡುತ್ತದೆ. ಒಂದರಲ್ಲಿ ಗೂಟದ ಹಾಗೆ ನಿಲ್ಲುತ್ತದೆ. ಅದರ ಮೇಲಿನ ಯುಬಿಕ್ವಿಟಿನ್ ಸರಪಳಿಗೆ ಬೇರೆ ಪ್ರೋಟೀನ್‌ಗಳು ಬಂದು ಕಟ್ಟಿಕೊಳ್ಳುತ್ತವೆ, ಉರಿಯೂತದ, ರಕ್ಷಣೆಯ ವಂಶವಾಹಿಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ದಾರಿ ತೆರೆಯುತ್ತದೆ, ಜೀವಕೋಶ ಬದುಕುತ್ತದೆ. ಇದಕ್ಕೆ ಕೈನೇಸ್ ಶಕ್ತಿ ಬೇಕಾಗಿಲ್ಲ. ಇನ್ನೊಂದರಲ್ಲಿ ನಿಜವಾದ ಕಿಣ್ವದ ಕೆಲಸ: ತನ್ನ ಮೇಲೆ ತಾನೇ ಫಾಸ್ಫೇಟ್ ಹಾಕಿಕೊಂಡು ಸಾವಿನ ತಂಡ ಕಟ್ಟುತ್ತದೆ. ಒಂದೇ ಪ್ರೋಟೀನು, ಒಂದು ಮುಖ ಬದುಕಿನ ಕಡೆ, ಇನ್ನೊಂದು ಸಾವಿನ ಕಡೆ. ಈ ಎರಡನ್ನು ಬೇರೆ ಬೇರೆಯಾಗಿ ತೋರಿಸಲು ಬಾರದ ಅಸ್ಸೇ ನನ್ನ ಲೆಕ್ಕದಲ್ಲಿ ರಿಪ್‌ಕೆ1 ಅಸ್ಸೇಯೇ ಅಲ್ಲ. ಬರೀ ಸಾವಿನ ಅಸ್ಸೇ, ಅಷ್ಟೇ.

ಜೀವಕೋಶದ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ, ಇಲ್ಲವೇ ಕೆಡುತ್ತದೆ. ಎಲ್ಲ ಲ್ಯಾಬಿನ ಫ್ರೀಜರಿನಲ್ಲೂ ಹೀಲಾ ಅನ್ನುವ ಜೀವಕೋಶ ಇರುತ್ತದೆ, ಹಾಗಾಗಿ ಮೊದಲು ಅದರ ಮೇಲೇ ಕೈ ಹೋಗುತ್ತದೆ. ಆದರೆ ಹೀಲಾದಲ್ಲಿ ರಿಪ್‌ಕೆ3 ಇಲ್ಲ. ರಿಪ್‌ಕೆ3 ಇಲ್ಲದಿದ್ದರೆ ನೆಕ್ರೊಪ್ಟೋಸಿಸ್, ಅಂದರೆ ಪೊರೆ ಒಡೆದು ಸಾಯುವ ದಾರಿ, ಅರ್ಧಕ್ಕೇ ನಿಲ್ಲುತ್ತದೆ. ಕ್ಯಾನ್ಸರಿನಿಂದ ಬಂದ ಎಷ್ಟೋ ಸೆಲ್‌ಲೈನ್‌ಗಳ (ಲ್ಯಾಬಿನಲ್ಲಿ ಬೆಳೆಸುತ್ತಲೇ ಇರುವ ಜೀವಕೋಶಗಳ) ಹಣೆಬರಹ ಇದೇ. ಅವುಗಳಲ್ಲಿ ರಿಪ್‌ಕೆ3 ವಂಶವಾಹಿಯ ಮೇಲೆ ಮೀಥೈಲ್ ಗುರುತು ಬಿದ್ದು ಅದು ಬಾಯಿ ಮುಚ್ಚಿಕೊಂಡಿರುತ್ತದೆ. ಅಂಥ ಜೀವಕೋಶದಲ್ಲಿ "ಸಾವು ಆಗಲಿಲ್ಲ" ಅಂತ ಬಂದರೆ ಅದು ರಿಪ್‌ಕೆ1 ಬಗ್ಗೆ ಏನೂ ಹೇಳುವುದಿಲ್ಲ.

ನಾನು ಹಿಡಿದದ್ದು ಎಚ್‌ಟಿ-29. 1964ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಬೆಳೆಸಿದ ಲೈನ್ ಇದು. ಸಾವಿನ ದಾರಿಗಳಿಗೆ ಬೇಕಾದ ರಿಪ್‌ಕೆ1, ರಿಪ್‌ಕೆ3, ಪೊರೆ ಒಡೆಯುವ ಎಮ್‌ಎಲ್‌ಕೆಎಲ್, ಪ್ರೋಟೀನ್ ಕತ್ತರಿಸುವ ಕ್ಯಾಸ್ಪೇಸ್-8 ನಾಲ್ಕೂ ಇವೆ. ಇರುತ್ತವೆ ಅಂತ ಪುಸ್ತಕ ಹೇಳಿದರೂ ನಮ್ಮ ವಯಲಿನಲ್ಲಿ ಇವೆಯಾ ಅಂತ ಒಂದು ಬ್ಲಾಟ್ (ಆಂಟಿಬಾಡಿಯಿಂದ ಪ್ರೋಟೀನನ್ನು ಪಟ್ಟೆಯಾಗಿ ತೋರಿಸುವ ಪರೀಕ್ಷೆ) ಓಡಿಸಿ ನೋಡುವುದು ಒಳ್ಳೆಯದು. ಮೈಕೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾದ ಪರೀಕ್ಷೆಯೂ ಆಗಲೇ ಆಗಬೇಕು. ರೋಗನಿರೋಧಕ ಸಂಕೇತ ನೋಡುವ ಪ್ರಯೋಗದಲ್ಲಿ ಆ ಸೋಂಕು ಇದ್ದರೆ ಜೀವಕೋಶ ಮೊದಲೇ ಕೆರಳಿರುತ್ತದೆ. ಆಮೇಲೆ ನಾವು ಹಾಕಿದ ಟಿಎನ್‌ಎಫ್‌ನಿಂದ ಏನಾಯಿತು ಅಂತ ಹೇಳಲು ಆಗುವುದಿಲ್ಲ.

ಇಲಿಯ ಎಲ್929 ಕೂಡ ಈ ಕ್ಷೇತ್ರದಲ್ಲಿ ತುಂಬ ಓಡಾಡುವ ಲೈನ್. ಅದಕ್ಕೆ ಕ್ಯಾಸ್ಪೇಸ್ ತಡೆಯುವ ಔಷಧಿ ಒಂದನ್ನೇ ಹಾಕಿದರೂ ಸಾಯುತ್ತದೆ, ಯಾಕೆಂದರೆ ತನಗೆ ಬೇಕಾದ ಟಿಎನ್‌ಎಫ್ ಅನ್ನು ತಾನೇ ಮಾಡಿಕೊಳ್ಳುತ್ತದೆ. ಸುಲಭ ಅನ್ನಿಸಿದರೂ ಮನುಷ್ಯನ ಕಿಣ್ವದ ಬಗ್ಗೆ ಮಾತಾಡಬೇಕಾದರೆ ಇಲಿಯ ಜೀವಕೋಶ ಸಾಲದು. ಇದಕ್ಕೆ ಒಂದು ಕಾರಣ ಮುಂದೆ ಬರುತ್ತದೆ.

ಈಗ ಪ್ರಯೋಗಕ್ಕೆ ಬರೋಣ. ಮೂರು ವಸ್ತು ಬೇಕು: ಟಿಎನ್‌ಎಫ್, ಸ್ಮ್ಯಾಕ್ ಮಿಮೆಟಿಕ್, ಜೆಡ್‌ವ್ಯಾಡ್. ಮೂರನ್ನೂ ಯಾಕೆ ಹಾಕುತ್ತೇವೆ ಅಂತ ಅರ್ಥವಾದರೆ ರಿಪ್‌ಕೆ1 ಅರ್ಥವಾದ ಹಾಗೆ.

ಟಿಎನ್‌ಎಫ್ ಗ್ರಾಹಕಕ್ಕೆ ಅಂಟಿದ ಕೆಲವೇ ನಿಮಿಷಗಳಲ್ಲಿ ರಿಪ್‌ಕೆ1 ಪೊರೆಯ ಹತ್ತಿರ ಬಂದು ಸೇರುತ್ತದೆ. ಅಲ್ಲಿ ಸಿಐಎಪಿ1, ಸಿಐಎಪಿ2 ಎಂಬ ಕಿಣ್ವಗಳು ಅದರ ಮೇಲೆ ಯುಬಿಕ್ವಿಟಿನ್ ಸರಪಳಿ ಕಟ್ಟುತ್ತವೆ. ಸರಪಳಿ ಇರುವಷ್ಟು ಹೊತ್ತು ಸಾವಿನ ಮುಖ ಮುಚ್ಚಿರುತ್ತದೆ. ಇದು ಮೊದಲ ತಡೆ. ಸ್ಮ್ಯಾಕ್ ಮಿಮೆಟಿಕ್ ಹಾಕಿದರೆ ಸಿಐಎಪಿ1 ತನ್ನನ್ನು ತಾನೇ ನಾಶ ಮಾಡಿಕೊಳ್ಳುತ್ತದೆ. ಸರಪಳಿ ಇಲ್ಲದ ರಿಪ್‌ಕೆ1 ಪೊರೆಯಿಂದ ಕಳಚಿ ಒಳಗೆ ಬಂದು ಫ್ಯಾಡ್ ಅನ್ನುವ ಕೊಂಡಿ ಪ್ರೋಟೀನ್, ಕ್ಯಾಸ್ಪೇಸ್-8 ಜೊತೆ ಕೂಡುತ್ತದೆ. ಆಗ ಆಗುವುದು ಅಪೊಪ್ಟೋಸಿಸ್, ಜೀವಕೋಶ ಕುಗ್ಗಿ ಚೂರಾಗುವ ಸಾವು. ಕ್ಯಾಸ್ಪೇಸ್-8 ಇಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ರಿಪ್‌ಕೆ1 ಅನ್ನು 324ನೇ ಆಸ್ಪಾರ್ಟಿಕ್ ಆಮ್ಲದ ಹತ್ತಿರ ಕತ್ತರಿಸುತ್ತದೆ. ಕೈನೇಸ್ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಇದು ಎರಡನೇ ತಡೆ. ಜೆಡ್‌ವ್ಯಾಡ್ ಕ್ಯಾಸ್ಪೇಸ್‌ಗಳನ್ನು ನಿಲ್ಲಿಸಿದಾಗ ಈ ಕತ್ತರಿಸುವ ಕೆಲಸವೂ ನಿಲ್ಲುತ್ತದೆ. ಆಗ ರಿಪ್‌ಕೆ1 ಇಡಿಯಾಗಿ ಉಳಿದು ರಿಪ್‌ಕೆ3 ಅನ್ನು ಎಬ್ಬಿಸುತ್ತದೆ. ರಿಪ್‌ಕೆ3 ಎಮ್‌ಎಲ್‌ಕೆಎಲ್ ಮೇಲೆ ಫಾಸ್ಫೇಟ್ ಹಾಕುತ್ತದೆ. ಎಮ್‌ಎಲ್‌ಕೆಎಲ್ ಗುಂಪುಗೂಡಿ ಜೀವಕೋಶದ ಪೊರೆಯನ್ನೇ ಒಡೆಯುತ್ತದೆ. ಇದು ನೆಕ್ರೊಪ್ಟೋಸಿಸ್.

ಎರಡನೇ ತಡೆ ಯಾಕಿದೆ ಅನ್ನುವುದಕ್ಕೆ ರೋಗಾಣುಗಳ ಕಡೆ ನೋಡಬೇಕು. ಎಷ್ಟೋ ವೈರಸ್‌ಗಳು ಕ್ಯಾಸ್ಪೇಸ್-8 ಅನ್ನು ತಡೆಯುತ್ತವೆ, ತಾವು ಬೆಳೆಯುವ ತನಕ ಜೀವಕೋಶ ಸಾಯಬಾರದು ಅಂತ. ಕ್ಯಾಸ್ಪೇಸ್-8 ನಿಂತ ತಕ್ಷಣ ಈ ಇನ್ನೊಂದು ಸಾವಿನ ದಾರಿ ತೆರೆದುಕೊಳ್ಳುತ್ತದೆ. ವೈರಸ್ ಇಲ್ಲೂ ಸುಮ್ಮನಿರುವುದಿಲ್ಲ, ಅದು ಬೇರೆ ಮಾತು. ಇಲಿಯ ಸೈಟೊಮೆಗಾಲೊವೈರಸ್‌ನ ಎಂ45 ಪ್ರೋಟೀನಿನಲ್ಲಿ ರಿಪ್‌ಕೆ1ನಲ್ಲಿರುವಂಥದ್ದೇ ರಿಮ್ ತುಂಡಿದೆ. ಅದನ್ನು ನಡುವೆ ತೂರಿಸಿ ರಿಪ್‌ಕೆ3 ದಾರಿಯನ್ನೂ ಮುಚ್ಚುತ್ತದೆ.

ಪ್ರಮಾಣದ ವಿಷಯ. ಟಿಎನ್‌ಎಫ್ ಮಿಲಿಲೀಟರಿಗೆ 20 ನ್ಯಾನೊಗ್ರಾಂ, ಜೆಡ್‌ವ್ಯಾಡ್ 20 ಮೈಕ್ರೊಮೋಲಾರ್, ಸ್ಮ್ಯಾಕ್ ಮಿಮೆಟಿಕ್ ಯಾವುದು ಅನ್ನುವುದರ ಮೇಲೆ 100 ನ್ಯಾನೊಮೋಲಾರಿನಿಂದ 1 ಮೈಕ್ರೊಮೋಲಾರ್ ತನಕ. ನಾನು ಬಳಸುವುದು ಬಿರಿನಾಪಾಂಟ್. ಜೆಡ್‌ವ್ಯಾಡ್ ಮತ್ತು ಸ್ಮ್ಯಾಕ್ ಮಿಮೆಟಿಕ್ ಮೊದಲು ಹೋಗಬೇಕು. ಅರ್ಧ ಗಂಟೆ ಬಿಟ್ಟು ಟಿಎನ್‌ಎಫ್. ಈ ಕ್ರಮ ತಪ್ಪಿಸಬೇಡಿ. ಟಿಎನ್‌ಎಫ್ ಮೊದಲು ಹೋದರೆ ಎನ್‌ಎಫ್-ಕಪ್ಪಾ-ಬಿ ಆಗಲೇ ರಕ್ಷಣೆಯ ಪ್ರೋಟೀನ್‌ಗಳನ್ನು ಮಾಡಲು ಶುರು ಮಾಡಿರುತ್ತದೆ, ಸಾವು ಅರೆಬರೆಯಾಗುತ್ತದೆ. ಔಷಧಿ ಕರಗಿಸುವ ಡಿಎಮ್‌ಎಸ್‌ಒ ಪ್ರಮಾಣ ಎಲ್ಲ ವೆಲ್‌ಗಳಲ್ಲೂ (ಪ್ಲೇಟಿನ ಕುಳಿಗಳಲ್ಲೂ) ಒಂದೇ ಇರಲಿ, ಶೇ 0.5 ದಾಟದಿರಲಿ.

ಟಿಎನ್‌ಎಫ್ ಬಗ್ಗೆ ಒಂದು ಕಿವಿಮಾತು. ತೆಳು ಮಾಡಿದ ಟಿಎನ್‌ಎಫ್ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಹೋಗುತ್ತದೆ. ಸ್ಟಾಕ್‌ಗೆ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿ, ಚಿಕ್ಕ ಚಿಕ್ಕ ಟ್ಯೂಬುಗಳಲ್ಲಿ ಹಂಚಿ ಫ್ರೀಜ್ ಮಾಡಿ, ಕರಗಿಸಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬೇಡಿ. ಉಳಿಸುವ ಆಸೆ ಬೇಡ. ಹೊಸ ಲಾಟ್ ಬಂದಾಗ ಅದು ಕೆಲಸ ಮಾಡುತ್ತದಾ ಅಂತ ನೋಡಲು ಸಾವಿನ ತನಕ ಕಾಯಬೇಕಾಗಿಲ್ಲ. 15 ನಿಮಿಷಕ್ಕೆ ಒಂದು ಸ್ಯಾಂಪಲ್, ಒಂದು ಗಂಟೆಗೆ ಇನ್ನೊಂದು ತೆಗೆದು ಐ-ಕಪ್ಪಾ-ಬಿ-ಆಲ್ಫಾ (ಎನ್‌ಎಫ್-ಕಪ್ಪಾ-ಬಿಯನ್ನು ಹಿಡಿದಿಡುವ ಪ್ರೋಟೀನ್) ಬ್ಲಾಟ್ ಮಾಡಿ. ಮೊದಲನೆಯದರಲ್ಲಿ ಪಟ್ಟೆ ಮಾಯವಾಗಿ, ಎರಡನೆಯದರಲ್ಲಿ ವಾಪಸ್ ಬರುತ್ತಿದ್ದರೆ ಟಿಎನ್‌ಎಫ್ ಚೆನ್ನಾಗಿದೆ. ಸ್ಮ್ಯಾಕ್ ಮಿಮೆಟಿಕ್‌ಗೂ ಹೀಗೇ ಸುಲಭದ ಪರೀಕ್ಷೆ ಇದೆ: ಒಂದು ಗಂಟೆಯೊಳಗೆ ಸಿಐಎಪಿ1 ಪಟ್ಟೆ ಬಿದ್ದುಹೋಗಬೇಕು.

ಎಚ್‌ಟಿ-29 ಗುಂಪುಗುಂಪಾಗಿ ಬೆಳೆಯುವ ಜೀವಕೋಶ. ಟ್ರಿಪ್ಸಿನ್ ಆದ ಮೇಲೆ ಗುಂಪು ಬಿಡಿಸದೆ ಪ್ಲೇಟಿಗೆ ಹಾಕಿದರೆ ಒಂದು ವೆಲ್‌ನಲ್ಲಿ ಜಾಸ್ತಿ, ಪಕ್ಕದ್ದರಲ್ಲಿ ಕಡಿಮೆ. ದಟ್ಟವಾಗಿ ಬೆಳೆದ ಗುಂಪಿನ ನಡುವಿನ ಜೀವಕೋಶ ಸಾಯಲು ಹೊತ್ತು ತೆಗೆದುಕೊಳ್ಳುತ್ತದೆ. ನಾನು 96 ವೆಲ್ ಪ್ಲೇಟಿಗೆ ವೆಲ್‌ಗೆ 10,000ದಂತೆ ಹಾಕಿ, ಇನ್ಕ್ಯುಬೇಟರಿಗೆ ಇಡುವ ಮೊದಲು ಪ್ಲೇಟನ್ನು ಹೊರಗೆ ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಹೊತ್ತು ಬಿಡುತ್ತೇನೆ. ಆಗ ಜೀವಕೋಶ ಅಂಚಿಗೆ ಸರಿಯದೆ ಎಲ್ಲ ಕಡೆ ಒಂದೇ ಥರ ಕೂರುತ್ತದೆ. ಹೊರಸುತ್ತಿನ ವೆಲ್‌ಗಳಲ್ಲಿ ನೀರು ಬೇಗ ಆರುತ್ತದೆ. ಅವುಗಳಿಗೆ ಬರೀ ಬಫರ್ ಹಾಕಿ ಬಿಟ್ಟುಬಿಡುತ್ತೇನೆ.

ಇನ್ನು ಯಾವ ವೆಲ್‌ಗೆ ಏನು. ಏನೂ ಹಾಕದ್ದು, ಬರೀ ಡಿಎಮ್‌ಎಸ್‌ಒ ಹಾಕಿದ್ದು. ಟಿಎನ್‌ಎಫ್ ಒಂದೇ, ಸ್ಮ್ಯಾಕ್ ಒಂದೇ, ಜೆಡ್‌ವ್ಯಾಡ್ ಒಂದೇ. ಆಮೇಲೆ ಎರಡೆರಡು ಸೇರಿಸಿದ್ದು. ಆಮೇಲೆ ಮೂರೂ. ಮೂರರ ಮೇಲೆ ನೆಕ್-1ಎಸ್, ಇದು ರಿಪ್‌ಕೆ1 ಕೈನೇಸ್ ತಡೆ. ಮೂರರ ಮೇಲೆ ಜಿಎಸ್‌ಕೆ-872, ಇದು ರಿಪ್‌ಕೆ3 ತಡೆ. ಮೂರರ ಮೇಲೆ ನೆಕ್ರೊಸಲ್ಫೊನಮೈಡ್, ಇದು ಎಮ್‌ಎಲ್‌ಕೆಎಲ್ ತಡೆ. ತಡೆಗಳನ್ನು ಒಂಟಿಯಾಗಿ ಹಾಕಿದ ವೆಲ್‌ಗಳೂ ಬೇಕು. ಪ್ಲೇಟಿನ ಮುಕ್ಕಾಲು ಪಾಲು ಕಂಟ್ರೋಲ್ ಆಯಿತಲ್ಲ ಅಂತ ಹೊಸಬರು ಗೊಣಗುತ್ತಾರೆ. ಆಗಲಿ ಬಿಡಿ. ಈ ಪ್ರಯೋಗದಲ್ಲಿ ಉತ್ತರ ಇರುವುದೇ ಕಂಟ್ರೋಲ್‌ಗಳಲ್ಲಿ. ಮೂರೂ ಹಾಕಿದ ವೆಲ್ ಒಂದೇ ನೋಡಿದರೆ ವಿಷ ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಟಿಎನ್‌ಎಫ್ ಮತ್ತು ಸ್ಮ್ಯಾಕ್ ಎರಡೇ ಹಾಕಿದ ವೆಲ್‌ನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶ ಕುಗ್ಗುತ್ತದೆ, ಕಪ್ಪಾಗುತ್ತದೆ, ಮೈತುಂಬ ಗುಳ್ಳೆ ಏಳುತ್ತವೆ, ಕೊನೆಗೆ ಚೂರು ಚೂರಾಗುತ್ತದೆ. ಜೆಡ್‌ವ್ಯಾಡ್ ಸೇರಿಸಿದ ಪಕ್ಕದ ವೆಲ್‌ನಲ್ಲಿ ಬೇರೆಯೇ ನೋಟ. ಜೀವಕೋಶ ದುಂಡಗಾಗುತ್ತದೆ, ಊದುತ್ತದೆ, ಒಳಗಿನದೆಲ್ಲ ತಿಳಿಯಾಗಿ ನ್ಯೂಕ್ಲಿಯಸ್ ಮಾತ್ರ ಒಂದು ಗುಂಡಾಗಿ ಎದ್ದು ಕಾಣುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಪೊರೆ ಬಿರಿದು ಸೈಟಾಕ್ಸ್ ಗ್ರೀನ್ ಅನ್ನುವ ಬಣ್ಣ ಒಳಗೆ ನುಗ್ಗುತ್ತದೆ, ನ್ಯೂಕ್ಲಿಯಸ್ ಹಸಿರಾಗಿ ಹೊಳೆಯುತ್ತದೆ. ಈ ಎರಡು ನೋಟವನ್ನು ಒಮ್ಮೆ ಅಕ್ಕಪಕ್ಕ ನೋಡಿದವರಿಗೆ ಅಂಕಿ ನೋಡುವ ಮೊದಲೇ ಯಾವ ಸಾವು ಅಂತ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ಸಾಕ್ಷಿ ಅಲ್ಲ.

ಯಾಕೆಂದರೆ ಪ್ಲೇಟಿನಲ್ಲಿ ಅಪೊಪ್ಟೋಸಿಸ್ ಆದ ಜೀವಕೋಶವನ್ನು ತಿಂದು ತೆಗೆಯುವವರು ಯಾರೂ ಇಲ್ಲ. ದೇಹದಲ್ಲಾದರೆ ಮ್ಯಾಕ್ರೊಫೇಜ್ ಬಂದು ನುಂಗುತ್ತದೆ. ಪ್ಲೇಟಿನಲ್ಲಿ ಅದು ಅಲ್ಲೇ ಬಿದ್ದಿದ್ದು ಕೊನೆಗೆ ಅದರ ಪೊರೆಯೂ ಹರಿಯುತ್ತದೆ. ಆಗ ಅದೂ ಸೈಟಾಕ್ಸ್‌ಗೆ ಹಸಿರೇ. ಮಾರನೆಯ ದಿನ ಒಂದೇ ಸಲ ಓದಿದರೆ ಎರಡೂ ಒಂದೇ ಥರ ಕಾಣುವುದು ಇದಕ್ಕೇ. ಅದಕ್ಕಾಗಿ ನಾನು ಗಂಟೆಗಂಟೆಗೆ ಓದುವ ಇಮೇಜಿಂಗ್ ಯಂತ್ರದಲ್ಲಿ ಪ್ಲೇಟ್ ಇಡುತ್ತೇನೆ. ಯಂತ್ರ ಇಲ್ಲದವರು ಕನಿಷ್ಠ ಮೂರ್ನಾಲ್ಕು ಸಮಯದಲ್ಲಿ ಓದಿ. ಜೀವಕೋಶದ ಇಂಧನವಾದ ಎಟಿಪಿ ಅಳೆಯುವ ಕಿಟ್ ಸುಲಭ, ವೇಗವೂ ಹೌದು, ಆದರೆ ಎಟಿಪಿ ಕಡಿಮೆಯಾಯಿತು ಅಂದರೆ ಸತ್ತಿತು ಅಂತಲ್ಲ. ಬೆಳವಣಿಗೆ ನಿಂತರೂ ಕಡಿಮೆಯಾಗುತ್ತದೆ. ಸೈಟಾಕ್ಸ್ ಏರಿಕೆ, ಎಟಿಪಿ ಇಳಿಕೆ, ಎರಡೂ ಸೇರಿದರೆ ಒಪ್ಪುತ್ತೇನೆ.

ವೆಸ್ಟರ್ನ್ ಬ್ಲಾಟ್ ಹಂತದಲ್ಲಿ ಜಾಸ್ತಿ ಜನ ಸೋಲುತ್ತಾರೆ, ಅದೂ ಆಂಟಿಬಾಡಿ ತಪ್ಪಿನಿಂದಲ್ಲ. ಸಾಯುತ್ತಿರುವ ಜೀವಕೋಶ ತಳದಿಂದ ಬಿಟ್ಟು ತೇಲುತ್ತದೆ. ಮೀಡಿಯಾ ಚೆಲ್ಲಿ ಅಂಟಿಕೊಂಡದ್ದನ್ನಷ್ಟೇ ಕೆರೆದು ತೆಗೆದರೆ ಬದುಕಿದವುಗಳ ಬ್ಲಾಟ್ ಸಿಗುತ್ತದೆ. ಬೇಕಾದದ್ದು ಸಿಂಕಿಗೆ ಹೋಗಿರುತ್ತದೆ. ಮೀಡಿಯಾವನ್ನೂ ಸೆಂಟ್ರಿಫ್ಯೂಜ್ ಮಾಡಿ ತೇಲಿದ್ದನ್ನೂ ಅಂಟಿದ್ದನ್ನೂ ಸೇರಿಸಬೇಕು.

ಎರಡನೆಯದು ಇನ್ನೂ ಮುಖ್ಯ. ರಿಪ್‌ಕೆ1 ಮತ್ತು ರಿಪ್‌ಕೆ3 ತಮ್ಮ ರಿಮ್ ತುಂಡುಗಳಿಂದ ಹೆಣೆದುಕೊಂಡು ಅಮಿಲಾಯ್ಡ್ ಎಳೆಯಾಗುತ್ತವೆ. ಇದು 2012ರಲ್ಲಿ ಗೊತ್ತಾದ ಸಂಗತಿ. ಈ ಎಳೆ ಸಾಧಾರಣ ಡಿಟರ್ಜೆಂಟಿಗೆ ಕರಗುವುದಿಲ್ಲ. ಮಾಮೂಲಿ ಲೈಸಿಸ್ ಬಫರ್ ಹಾಕಿ, ತಿರುಗಿಸಿ, ಮೇಲಿನ ತಿಳಿ ತೆಗೆದು ಬ್ಲಾಟ್ ಮಾಡಿದರೆ ಮೂರೂ ಹಾಕಿದ ಸ್ಯಾಂಪಲಿನಲ್ಲಿ ರಿಪ್‌ಕೆ1 ಕಡಿಮೆಯಾದಂತೆ ಕಾಣುತ್ತದೆ. ಕಡಿಮೆಯಾಗಿರುವುದಿಲ್ಲ, ಕೆಳಗಿನ ಗಸಿಯಲ್ಲಿ ಕೂತಿರುತ್ತದೆ. ಆ ಗಸಿಯನ್ನು 6 ಮೋಲಾರ್ ಯೂರಿಯಾದಲ್ಲಿ ಕರಗಿಸಿ ಪಕ್ಕದ ಲೇನಿನಲ್ಲಿ ಓಡಿಸಿ. ಫಾಸ್ಫೇಟ್ ಕೂತ ರೂಪ ಮುಖ್ಯವಾಗಿ ಸಿಗುವುದು ಅಲ್ಲೇ.

ನೋಡಬೇಕಾದ ಗುರುತುಗಳು ಮೂರು. ರಿಪ್‌ಕೆ1ನಲ್ಲಿ 166ನೇ ಸೆರಿನ್, ರಿಪ್‌ಕೆ3ರಲ್ಲಿ 227ನೇ ಸೆರಿನ್, ಎಮ್‌ಎಲ್‌ಕೆಎಲ್‌ನಲ್ಲಿ 358ನೇ ಸೆರಿನ್. ಈ ಸಂಖ್ಯೆಗಳು ಮನುಷ್ಯನ ಪ್ರೋಟೀನಿಗೆ. ಇಲಿಯ ಪ್ರೋಟೀನಿಗೆಂದು ಮಾಡಿದ ಆಂಟಿಬಾಡಿ ತಂದು ಇಲ್ಲಿ ಹಾಕಿದರೆ ಏನೂ ಕಾಣದೇ ಇರಬಹುದು. ಮೊದಲನೆಯದು ರಿಪ್‌ಕೆ1 ತನ್ನ ಮೇಲೆ ತಾನೇ ಹಾಕಿಕೊಳ್ಳುವ ಗುರುತು. ನೆಕ್-1ಎಸ್ ಹಾಕಿದ ಲೇನಿನಲ್ಲಿ ಅದು ಇರಲೇಬಾರದು. ಇದ್ದರೆ ಆಂಟಿಬಾಡಿ ಮೇಲೆ ಅನುಮಾನ ಪಡಿ, ಇಲ್ಲವೇ ತಡೆಯ ಸ್ಟಾಕ್ ಮೇಲೆ. ಬ್ಲಾಕ್ ಮಾಡಲು ಹಾಲಿನ ಪುಡಿ ಬೇಡ, ಅದರಲ್ಲಿ ಕೇಸಿನ್ ಇದೆ, ಅದೇ ಫಾಸ್ಫೇಟ್ ಹೊತ್ತ ಪ್ರೋಟೀನ್. ಬಿಎಸ್‌ಎ ಸಾಕು.

ಬದುಕಿನ ಮುಖವನ್ನೂ ಬ್ಲಾಟಿನಲ್ಲಿ ನೋಡಬಹುದು, ಆದರೆ ಸಮಯ ಬೇರೆ. ಟಿಎನ್‌ಎಫ್ ಹಾಕಿ 5 ರಿಂದ 15 ನಿಮಿಷದೊಳಗೆ ಗ್ರಾಹಕವನ್ನು ಎಳೆದು ತೆಗೆದು ರಿಪ್‌ಕೆ1 ಬ್ಲಾಟ್ ಮಾಡಿದರೆ 76ರ ಹತ್ತಿರ ಒಂದೇ ಪಟ್ಟೆ ಸಿಗುವ ಬದಲು ಜೆಲ್ಲಿನ ಮೇಲ್ತುದಿಯ ತನಕ ಹರಡಿದ ಮಸುಕು ಕಾಣುತ್ತದೆ. ಅದು ಯುಬಿಕ್ವಿಟಿನ್ ಸರಪಳಿ. ಒಂದೊಂದು ಅಣುವಿಗೆ ಒಂದೊಂದು ಉದ್ದ, ಅದಕ್ಕೇ ಗೆರೆಯಾಗಿ ನಿಲ್ಲುವುದಿಲ್ಲ. ಸ್ಮ್ಯಾಕ್ ಮಿಮೆಟಿಕ್ ಮೊದಲೇ ಕೊಟ್ಟ ಸ್ಯಾಂಪಲಿನಲ್ಲಿ ಆ ಮಸುಕು ತುಂಬ ತೆಳುವಾಗುತ್ತದೆ.

ಇಲ್ಲಿಗೆ ನಾನು ಶುರುವಿನಲ್ಲಿ ಹೇಳಿದ ಮಾತಿಗೆ ಬರುತ್ತೇನೆ, ತಡೆಯುವುದು ಬೇರೆ, ತೆಗೆಯುವುದು ಬೇರೆ ಅಂತ.

ತಡೆಯಲು ನೆಕ್ರೊಸ್ಟಾಟಿನ್ ಇದೆ. 2005ರಲ್ಲಿ ಜುನ್‌ಯಿಂಗ್ ಯುವಾನ್ ಅವರ ತಂಡ ಈ ಸಾವನ್ನು ತಡೆಯುವ ಚಿಕ್ಕ ಅಣುವನ್ನು ಹುಡುಕಿ ತೆಗೆದು ನೆಕ್ರೊಸ್ಟಾಟಿನ್-1 ಅಂತ ಕರೆಯಿತು. ಆಗ ಅದು ಯಾವುದಕ್ಕೆ ಅಂಟುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಗುರಿ ರಿಪ್‌ಕೆ1 ಕೈನೇಸ್ ಅಂತ 2008ರಲ್ಲಿ ಖಚಿತವಾಯಿತು. ಹಳೆಯ ನೆಕ್-1ಗೆ ಒಂದು ತೊಂದರೆ ಇದೆ. ಅದು ಐಡಿಒ ಅನ್ನುವ ಇನ್ನೊಂದು ಕಿಣ್ವವನ್ನೂ ತಡೆಯುತ್ತದೆ, ಅದೂ ರೋಗನಿರೋಧಕ ವ್ಯವಸ್ಥೆಯದೇ. ಅಂದರೆ ಉರಿಯೂತದ ಪ್ರಯೋಗದಲ್ಲಿ ನೆಕ್-1ರಿಂದ ಬಂದ ಫಲ ಯಾರದ್ದು ಅಂತ ಹೇಳುವುದು ಕಷ್ಟ. ಕೆಲಸ ಮಾಡದ ಜೋಡಿ ಅಂತ ಮಾರುತ್ತಿದ್ದ ನೆಕ್-1ಐ ಕೂಡ ಐಡಿಒ ತಡೆಯುತ್ತದೆ, ಹಾಗಾಗಿ ಅದನ್ನು ಕಂಟ್ರೋಲ್ ಮಾಡಿಕೊಂಡರೂ ಗೊಂದಲ ಬಿಡಿಸುವುದಿಲ್ಲ. ನೆಕ್-1ಎಸ್‌ಗೆ ಈ ಕಾಟವಿಲ್ಲ, ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ ಕೂಡ. ನಾನು ಅದನ್ನೇ 10 ಮೈಕ್ರೊಮೋಲಾರ್ ಬಳಸುತ್ತೇನೆ.

ಉಳಿದ ತಡೆಗಳಿಗೂ ಗುಣಸ್ವಭಾವ ಇದೆ. ಜಿಎಸ್‌ಕೆ-872 ಜಾಸ್ತಿಯಾದರೆ ರಿಪ್‌ಕೆ3 ಮೂಲಕವೇ ಕ್ಯಾಸ್ಪೇಸ್-8 ಎದ್ದು ಅಪೊಪ್ಟೋಸಿಸ್ ಶುರುವಾಗುತ್ತದೆ. ನೆಕ್ರೊಸಲ್ಫೊನಮೈಡ್ ಮನುಷ್ಯನ ಎಮ್‌ಎಲ್‌ಕೆಎಲ್‌ನ 86ನೇ ಸಿಸ್ಟೀನ್‌ಗೆ ಅಂಟುತ್ತದೆ. ಇಲಿಯ ಎಮ್‌ಎಲ್‌ಕೆಎಲ್‌ನಲ್ಲಿ ಆ ಸಿಸ್ಟೀನ್ ಇಲ್ಲ, ಹಾಗಾಗಿ ಇಲಿಯ ಜೀವಕೋಶದಲ್ಲಿ ಅದು ದಂಡ. ಇಲಿಯ ಲೈನ್ ಸಾಲದು ಅಂದದ್ದು ಇಂಥ ಕಾರಣಕ್ಕೆ.

ತೆಗೆಯಲು ವಂಶವಾಹಿ ಕತ್ತರಿಸುವ ಕ್ರಿಸ್ಪರ್ ಇದೆ. ರಿಪ್‌ಕೆ1 ವಂಶವಾಹಿಯನ್ನೇ ಮುರಿದರೆ ಕೈನೇಸೂ ಹೋಯಿತು, ಗೂಟವೂ ಹೋಯಿತು. ಇಲ್ಲಿ ಎಷ್ಟೋ ಜನ "ತಡೆದರೂ ತೆಗೆದರೂ ಒಂದೇ ಅಲ್ವಾ?" ಅಂತ ಕೇಳುತ್ತಾರೆ. ಇಲಿಗಳನ್ನು ನೋಡಿ. ರಿಪ್‌ಕೆ1 ಪೂರ್ತಿ ಇಲ್ಲದ ಇಲಿಮರಿ ಹುಟ್ಟಿದ ಕೆಲವೇ ದಿನಕ್ಕೆ ಸಾಯುತ್ತದೆ, ಇದು 1998ರಿಂದ ಗೊತ್ತು. ಕೈನೇಸ್ ಮಾತ್ರ ಕೆಲಸ ಮಾಡದಂತೆ ಒಂದು ಅಮೈನೊ ಆಮ್ಲ ಬದಲಿಸಿದ ಇಲಿ ಆರೋಗ್ಯವಾಗಿ ಬೆಳೆಯುತ್ತದೆ. ಪ್ರೋಟೀನ್ ಇರುವುದೇ ಜೀವ ಉಳಿಸುತ್ತಿದೆ, ಅದರ ಕೈನೇಸ್ ಕೆಲಸ ಇಲ್ಲದಿದ್ದರೂ ನಡೆಯುತ್ತದೆ. 2014ರಲ್ಲಿ ಬೇರೆ ಬೇರೆ ತಂಡಗಳು ರಿಪ್‌ಕೆ1 ಇಲ್ಲದ ಇಲಿಯಲ್ಲಿ ಕ್ಯಾಸ್ಪೇಸ್-8 ಮತ್ತು ರಿಪ್‌ಕೆ3 ಎರಡನ್ನೂ ತೆಗೆದವು. ಆ ಮರಿಗಳು ಬದುಕಿದವು. ಅಂದರೆ ಗೂಟ ನಿಂತಿದ್ದಾಗ ಎರಡೂ ಥರದ ಸಾವನ್ನು ಅದು ಹಿಡಿದಿಟ್ಟಿತ್ತು.

ನಮ್ಮ ಪ್ಲೇಟಿನಲ್ಲೂ ಇದನ್ನೇ ತೋರಿಸಬೇಕಿತ್ತು. ಒಂದು ಕಡೆ ನೆಕ್-1ಎಸ್ ಹಾಕಿದ ಮಾಮೂಲಿ ಎಚ್‌ಟಿ-29, ಇನ್ನೊಂದು ಕಡೆ ರಿಪ್‌ಕೆ1 ಇಲ್ಲದ ಎಚ್‌ಟಿ-29. ಮೂರೂ ಔಷಧಿ ಹಾಕಿದಾಗ ಎರಡೂ ನೆಕ್ರೊಪ್ಟೋಸಿಸ್‌ನಿಂದ ತಪ್ಪಿಸಿಕೊಂಡವು. ಇಷ್ಟಕ್ಕೇ ನಿಲ್ಲಿಸಿದ್ದರೆ ಎರಡೂ ಒಂದೇ ಅಂತ ಬರೆದುಬಿಡಬಹುದಿತ್ತು. ಸ್ಮ್ಯಾಕ್, ಜೆಡ್‌ವ್ಯಾಡ್ ಎರಡನ್ನೂ ಬಿಟ್ಟು ಬರೀ ಟಿಎನ್‌ಎಫ್ ಹಾಕಿ ನೋಡಿದಾಗ ದಾರಿ ಬೇರೆಯಾಯಿತು. ನೆಕ್-1ಎಸ್ ಇದ್ದ ಜೀವಕೋಶದಲ್ಲಿ ಐ-ಕಪ್ಪಾ-ಬಿ ಎಂದಿನಂತೆ ಮಾಯವಾಗಿ ವಾಪಸ್ ಬಂತು, ಸಾವೂ ಇಲ್ಲ. ರಿಪ್‌ಕೆ1 ಇಲ್ಲದ್ದರಲ್ಲಿ ಆ ಸಂಕೇತ ಮಂಕಾಗಿತ್ತು, ಟಿಎನ್‌ಎಫ್ ಒಂದಕ್ಕೇ ಸ್ವಲ್ಪ ಸಾವೂ ಕಂಡಿತು. ಆ ಸಾವು ಜೆಡ್‌ವ್ಯಾಡ್ ಹಾಕಿದರೆ ನಿಲ್ಲುತ್ತದೆ, ಅಂದರೆ ಅದು ಕ್ಯಾಸ್ಪೇಸ್ ದಾರಿ. ಸಂಕೇತ ಎಷ್ಟು ಮಂಕಾಗುತ್ತದೆ ಅನ್ನುವುದು ಜೀವಕೋಶದಿಂದ ಜೀವಕೋಶಕ್ಕೆ ಬೇರೆ. ಕೆಲವದರಲ್ಲಿ ರಿಪ್‌ಕೆ1 ಇಲ್ಲದೆಯೂ ಎನ್‌ಎಫ್-ಕಪ್ಪಾ-ಬಿ ದಾರಿ ತೆರೆಯುತ್ತದೆ. ಹಾಗಾಗಿ ಒಂದು ಲೈನಿನಲ್ಲಿ ಕಂಡದ್ದನ್ನು ಎಲ್ಲದಕ್ಕೂ ಹಚ್ಚುವುದು ಬೇಡ.

ಎಲ್ಲ ಟಿಎನ್‌ಎಫ್ ಸಾವೂ ರಿಪ್‌ಕೆ1 ಕೈನೇಸಿನದ್ದಲ್ಲ ಅನ್ನುವುದಕ್ಕೆ ಒಂದು ಸುಲಭದ ಜೋಡಿ ವೆಲ್ ಇದೆ, ಕಲಿಯುವವರಿಗೆ ನಾನು ಇದನ್ನೇ ಮೊದಲು ಮಾಡಿಸುತ್ತೇನೆ. ಒಂದಕ್ಕೆ ಟಿಎನ್‌ಎಫ್ ಜೊತೆ ಸೈಕ್ಲೊಹೆಕ್ಸಿಮೈಡ್, ಇದು ಹೊಸ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಇನ್ನೊಂದಕ್ಕೆ ಟಿಎನ್‌ಎಫ್ ಜೊತೆ ಟ್ಯಾಕ್1 ಕೈನೇಸ್ ತಡೆಯುವ ಔಷಧಿ. ಎರಡರಲ್ಲೂ ಕ್ಯಾಸ್ಪೇಸ್-8 ಎದ್ದು ಅಪೊಪ್ಟೋಸಿಸ್ ಆಗುತ್ತದೆ, ಹೊರಗಿಂದ ನೋಡಿದರೆ ಒಂದೇ. ನೆಕ್-1ಎಸ್ ಹಾಕಿದರೆ ಎರಡನೆಯದು ಉಳಿಯುತ್ತದೆ, ಮೊದಲನೆಯದಕ್ಕೆ ಏನೂ ಉಪಯೋಗವಿಲ್ಲ. ಯೆರ್ಸಿನಿಯಾ ಬ್ಯಾಕ್ಟೀರಿಯಾ ಸೋಂಕಿನಲ್ಲಿ ನಡೆಯುವುದೂ ಎರಡನೆಯ ಥರದ್ದೇ. ಅದರ ಯಾಪ್‌ಜೆ ಪ್ರೋಟೀನ್ ಟ್ಯಾಕ್1 ಅನ್ನು ಕಟ್ಟಿಹಾಕುತ್ತದೆ, ಮ್ಯಾಕ್ರೊಫೇಜ್ ರಿಪ್‌ಕೆ1 ಮೂಲಕ ಸಾಯುತ್ತದೆ.

ಈ ವ್ಯತ್ಯಾಸ ಲ್ಯಾಬಿನ ಹಠ ಮಾತ್ರ ಅಲ್ಲ, ರೋಗಿಗಳಲ್ಲೂ ಕಾಣುತ್ತದೆ. 2018ರಲ್ಲಿ ರಿಪ್‌ಕೆ1 ವಂಶವಾಹಿಯ ಎರಡೂ ಪ್ರತಿ ಕೆಟ್ಟಿರುವ ರೋಗಿಗಳ ವರದಿ ಬಂತು. ಲಿಂಫೊಸೈಟ್ ಕಡಿಮೆ, ಮತ್ತೆ ಮತ್ತೆ ಸೋಂಕು, ಚಿಕ್ಕ ವಯಸ್ಸಿನಲ್ಲೇ ಕರುಳಿನ ಉರಿಯೂತ, ಕೀಲುನೋವು. ಇದು ತೆಗೆದದ್ದರ ಫಲ. 2020ರಲ್ಲಿ ಇನ್ನೊಂದು ಬಗೆ ಕಾಣಿಸಿತು. ಇವರಲ್ಲಿ ಪ್ರೋಟೀನ್ ಇದೆ, ಒಂದು ಪ್ರತಿಯಲ್ಲಿ 324ನೇ ಆಸ್ಪಾರ್ಟಿಕ್ ಆಮ್ಲ ಮಾತ್ರ ಬದಲಾಗಿದೆ. ಕ್ಯಾಸ್ಪೇಸ್-8ಗೆ ಕತ್ತರಿಸಲು ಜಾಗ ಇಲ್ಲ. ಪದೇ ಪದೇ ಜ್ವರ, ಊದಿದ ದುಗ್ಧಗ್ರಂಥಿ. ಈ ಕಾಯಿಲೆಗೆ ಕ್ರಿಯಾ ಸಿಂಡ್ರೋಮ್ ಅಂತ ಹೆಸರಿಟ್ಟರು. ಇಲಿಯಲ್ಲಿ ಅದೇ ಜಾಗವನ್ನು ಎರಡೂ ಪ್ರತಿಯಲ್ಲಿ ಬದಲಿಸಿದರೆ ಮರಿ ಗರ್ಭದಲ್ಲೇ ಸಾಯುತ್ತದೆ.

ಕೈನೇಸ್ ತಡೆಯುವ ಮಾತ್ರೆಗಳನ್ನೂ ಮನುಷ್ಯರಲ್ಲಿ ಪರೀಕ್ಷಿಸಿದ್ದಾರೆ. ಗೂಟ ಉಳಿಸಿ ಕೈನೇಸ್ ಮಾತ್ರ ನಿಲ್ಲಿಸುವ ಉಪಾಯ ಕಾಗದದ ಮೇಲೆ ಸೊಗಸಾಗಿದೆ. ಆದರೆ ಕೀಲಿನ ರುಮಟಾಯ್ಡ್ ಆರ್ಥ್ರೈಟಿಸ್, ದೊಡ್ಡ ಕರುಳಿನ ಅಲ್ಸರೇಟಿವ್ ಕೊಲೈಟಿಸ್ ಎರಡರಲ್ಲೂ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ನರಕೋಶಗಳು ಸಾಯುವ ಎಎಲ್‌ಎಸ್ ಕಾಯಿಲೆಯ ಪ್ರಯೋಗವೂ 2024ರಲ್ಲಿ ಗುರಿ ಮುಟ್ಟಲಿಲ್ಲ. ನನಗನ್ನಿಸುವುದು, ಆ ಕಾಯಿಲೆಗಳಲ್ಲಿ ಜೀವಕೋಶಗಳನ್ನು ಕೊಲ್ಲುತ್ತಿರುವುದು ನಿಜವಾಗಿಯೂ ರಿಪ್‌ಕೆ1 ಕೈನೇಸೇನಾ ಅನ್ನುವುದು ಮೊದಲು ತೀರ್ಮಾನ ಆಗಬೇಕಿತ್ತು. ಸೈಕ್ಲೊಹೆಕ್ಸಿಮೈಡ್ ವೆಲ್‌ನಂಥ ಸಾವಿಗೆ ನೆಕ್-1ಎಸ್ ಎಷ್ಟು ಹಾಕಿದರೂ ಅಷ್ಟೇ.

ಈಗ ಬೆಂಚಿನ ಮೇಲಿರುವುದು ರಿಪ್‌ಕೆ1 ತೆಗೆದ ಲೈನಿಗೆ ಬೇರೆ ಬೇರೆ ರೂಪದ ರಿಪ್‌ಕೆ1 ವಾಪಸ್ ಕೊಡುವ ಕೆಲಸ. ಒಂದು ಮಾಮೂಲಿ ರೂಪ, ಒಂದು ಕೈನೇಸ್ ಸತ್ತ ರೂಪ, ಒಂದು 324ರಲ್ಲಿ ಕತ್ತರಿಸಲಾಗದ ರೂಪ. ಪ್ರಮಾಣ ಮೂರರಲ್ಲೂ ಒಂದೇ ಇರಬೇಕು. ಹೆಚ್ಚು ಸುರಿದರೆ ರಿಪ್‌ಕೆ1 ತಾನಾಗಿಯೇ ಗುಂಪುಗೂಡಿ ಟಿಎನ್‌ಎಫ್ ಇಲ್ಲದೆಯೂ ಕೊಲ್ಲುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಹಾಕಿದಷ್ಟು ಮಾತ್ರ ತಯಾರಾಗುವ ವ್ಯವಸ್ಥೆ ಬಳಸಿ, ಮೂಲ ಎಚ್‌ಟಿ-29ರ ಪಟ್ಟೆಗೆ ಹೋಲಿಸಿ ಪ್ರಮಾಣ ಹೊಂದಿಸುತ್ತಿದ್ದೇನೆ. ಕತ್ತರಿಸಲಾಗದ ರೂಪವನ್ನು ಎಚ್‌ಟಿ-29 ಒಂದರಲ್ಲೇ ನೋಡಿ ಮುಗಿಸುವ ಯೋಚನೆ ಇಲ್ಲ. 2020ರ ರೋಗಿಗಳ ರಕ್ತದ ಜೀವಕೋಶಗಳು ಟಿಎನ್‌ಎಫ್‌ಗೆ ಬೇಗ ಸತ್ತವು, ಆದರೆ ಅವರದೇ ಚರ್ಮದ ಫೈಬ್ರೊಬ್ಲಾಸ್ಟ್‌ಗಳು ನೆಕ್ರೊಪ್ಟೋಸಿಸ್‌ಗೆ ಬಗ್ಗಲಿಲ್ಲ. ಅವು ರಿಪ್‌ಕೆ1 ತಯಾರಿಯನ್ನೇ ಕಡಿಮೆ ಮಾಡಿಕೊಂಡಿದ್ದವು. ಹಾಗಾಗಿ ಯು937 ರಕ್ತದ ಲೈನನ್ನೂ ಜೊತೆಗೆ ಬೆಳೆಸಲು ಹಾಕಿದ್ದೇನೆ. ಅದಕ್ಕೆ ಮೊದಲು ಮಾಡಬೇಕಾದದ್ದು ಮತ್ತೆ ಅದೇ ರಿಪ್‌ಕೆ3 ಬ್ಲಾಟ್.